ಮಸಿ ಕರಗಿದ ಎರಡು ಸೀಸೆಗಳು

ಪಾಲಕ್ ದಂಟನ್ನು ಕಿವಿಯ ಹತ್ತಿರ ಹಿಡಿದು, ಮುರಿದು, ಸದ್ದು ಕೇಳಿ ಕೊಳ್ಳುವ ಹೆಂಗಸನ್ನು ನಾನು ಕಂಡದ್ದು ಅವರೊಬ್ಬರನ್ನೇ. ಕಾಚಿಗೂಡ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಬೆಳಿಗ್ಗೆ ಏಳಕ್ಕೆ ಸೊಪ್ಪಿನ ಬುಟ್ಟಿಗಳು ಇಳಿಯುತ್ತಿದ್ದವು. ನಾನು ಅಕ್ಕ ಎಂದು ಕರೆಯುತ್ತಿದ್ದ ಅವರು ಮೂರು ಬುಟ್ಟಿ ನೋಡಿ, ಮೂರರಿಂದಲೂ ಒಂದೊಂದು ದಂಟು ಮುರಿದು, ಟಪ್ಪೆಂದು ಸದ್ದು ಬಂದ ಬುಟ್ಟಿಯಿಂದ ಆರು ಕಟ್ಟು ಆರಿಸುತ್ತಿದ್ದರು. ಇಷ್ಟು ಪಾಲಕ್ ದಿನಾ ತಿಂದರೆ ನಿಮ್ಮ ಮನೆಯವರ ಗತಿ ಏನಮ್ಮ ಎಂದು ಸೊಪ್ಪಿನ ಮುದುಕಿ ಒಮ್ಮೆ ತೆಲುಗಿನಲ್ಲಿ ಕೇಳಿದಳಂತೆ. ಇದು ಮನೆಯವರಿಗಲ್ಲ, ಮೆಷಿನ್ನಿಗೆ ಎಂದು ಅಕ್ಕ ಹೇಳಿದ ಮೇಲೆ ಅವಳು ಮತ್ತೇನೂ ಕೇಳಲಿಲ್ಲವಂತೆ.

ಆ ಸೊಪ್ಪು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಉಪ್ಪಲ್ ಕಡೆಯ ಬಸ್ಸಿನಲ್ಲಿ ನಮ್ಮ ಪ್ರಯೋಗಾಲಯಕ್ಕೆ ಬರುತ್ತಿತ್ತು. ಅಕ್ಕ ಅಲ್ಲಿ ತಾಂತ್ರಿಕ ಸಹಾಯಕಿ. ನಾನು ಮೈಸೂರಿನಿಂದ ಪಿಎಚ್‌ಡಿ ಮಾಡಲು ಬಂದಿದ್ದೆ. ಮೊದಲ ದಿನ ಮೆಟ್ಟಿಲ ಮೇಲೆ ನಿಂತು ಅಮ್ಮನಿಗೆ ಫೋನು ಮಾಡುತ್ತಿದ್ದಾಗ ಪಕ್ಕದಲ್ಲಿ ಹಾದುಹೋದವರು ತಿರುಗಿ ಬಂದು, ಮಾತು ಮುಗಿಯುವವರೆಗೆ ಕಾದು, "ಮೈಸೂರ ಕಡೆಯವರೇನ್ರಿ?" ಎಂದು ಕೇಳಿದ್ದರು. ಅವರು ಬಾಗಲಕೋಟೆಯ ಕಡೆಯವರು. ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿ, ಮದುವೆಯಾಗಿ ಹೈದರಾಬಾದಿಗೆ ಬಂದು ಮೂವತ್ತು ವರ್ಷದ ಮೇಲಾಗಿತ್ತು. ಗಂಡನಿಗೆ ಕಾಚಿಗೂಡದಲ್ಲಿ ಗುಳೇದಗುಡ್ಡದ ಖಣದ ಬಟ್ಟೆ ಮಾರುವ ಸಣ್ಣ ಅಂಗಡಿ. ಅವರ ಕನ್ನಡದಲ್ಲಿ ಅರ್ಧದಷ್ಟು ನನಗೆ ಮೊದಮೊದಲು ಅರ್ಥವೇ ಆಗುತ್ತಿರಲಿಲ್ಲ. ನನ್ನ ಕನ್ನಡ ರೇಡಿಯೋದಲ್ಲಿ ಸುದ್ದಿ ಓದಿದ ಹಾಗಿದೆ ಎಂದು ಅವರು ನಗುತ್ತಿದ್ದರು. ಆರು ತಿಂಗಳು 'ನೀವು' ಎಂದರು. ಒಂದು ಮಧ್ಯಾಹ್ನ ರೊಟ್ಟಿ ಮುರಿದು ನನ್ನ ಡಬ್ಬಿಗೆ ಹಾಕುತ್ತಾ 'ನೀ' ಅಂದರು. ಆಮೇಲೆ ನಾನು ಅವರಿಗೆ ತಂಗಿ.

ನಾವು ಮಾಡುತ್ತಿದ್ದ ಕೆಲಸವನ್ನು ಸ್ವಲ್ಪ ಹೇಳದಿದ್ದರೆ ಅವರನ್ನು ಹೇಳಿದಂತಾಗುವುದಿಲ್ಲ. ಎಲೆಯೊಳಗೆ ತೆಳ್ಳನೆಯ ಹಸಿರು ಪೊರೆಗಳಿವೆ. ಬಿಸಿಲನ್ನು ಹಿಡಿದು, ನೀರನ್ನು ಒಡೆದು, ಆಮ್ಲಜನಕವನ್ನು ಹೊರಬಿಡುವ ಪ್ರೋಟೀನುಗಳು ಆ ಪೊರೆಯಲ್ಲಿ ಹೂತುಕೊಂಡಿರುತ್ತವೆ. ಪೊರೆ ಆಗಿರುವುದು ಲಿಪಿಡ್ ಎಂಬ ಜಿಡ್ಡಿನ ಅಣುಗಳಿಂದ. ಕಾಲೇಜಿನಲ್ಲಿ ಓದುವಾಗ ಈ ಜಿಡ್ಡನ್ನು ನಾನು ಪ್ರೋಟೀನು ಮಲಗುವ ಬರಿಯ ಹಾಸಿಗೆ ಎಂದುಕೊಂಡಿದ್ದೆ. ಅದು ಅಷ್ಟು ಸರಳವಲ್ಲ. ಕೆಲವು ಅಣುಗಳು ಪ್ರೋಟೀನಿನ ಸಂದಿಗಳ ಒಳಗೇ ಸೇರಿಕೊಂಡಿರುತ್ತವೆ. ಅವನ್ನು ಕಿತ್ತರೆ ಪ್ರೋಟೀನು ನೋಡಲು ಹಾಗೆಯೇ ಇರುತ್ತದೆ, ಕೆಲಸ ಮಾತ್ರ ನಿಲ್ಲುತ್ತದೆ. ಯಾವ ಜಿಡ್ಡನ್ನು ಮರಳಿ ಕೊಟ್ಟರೆ ಕೆಲಸ ಮತ್ತೆ ಶುರುವಾಗುತ್ತದೆ ಎಂದು ಹುಡುಕುವುದೇ ನನ್ನ ಸಂಶೋಧನೆ.

ಸೊಪ್ಪನ್ನು ರುಬ್ಬಿ, ಸೋಸಿ, ಮಂಜುಗಡ್ಡೆಯ ಮೇಲಿಟ್ಟು, ಹಸಿರು ಪೊರೆಯನ್ನು ಬೇರ್ಪಡಿಸಿ, ಪ್ರೋಟೀನನ್ನು ಹೊರತೆಗೆಯುವ ಕೆಲಸ ಅಕ್ಕನದು. ಬೆಳಕು ಬಿದ್ದರೆ ಕೆಡುತ್ತದೆಂದು ಇದೆಲ್ಲ ನಡೆಯುವುದು ಒಂದು ಕತ್ತಲ ಕೋಣೆಯಲ್ಲಿ, ಮಂಕಾದ ಹಸಿರು ದೀಪದ ಕೆಳಗೆ. ನಾವು ವಿದ್ಯಾರ್ಥಿಗಳು ಮಾಡಿದರೆ ಅದು ಮಧ್ಯಾಹ್ನದೊಳಗೆ ಸತ್ತಿರುತ್ತಿತ್ತು. ಅವರು ಮಾಡಿದ್ದು ಸಂಜೆಯವರೆಗೆ ಬದುಕಿರುತ್ತಿತ್ತು. ಕಾರಣ ಕೇಳಿದರೆ ಅವರಿಗೂ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲ ಎನ್ನುತ್ತಿದ್ದರು. ಒಮ್ಮೆ ಮಾತ್ರ, ನಾನು ಸಾಬೂನಿನಂಥ ದ್ರಾವಣವನ್ನು ಎರಡನೆಯ ಸಲ ಸುರಿಯಲು ಹೋದಾಗ, ಮಣಿಕಟ್ಟು ಹಿಡಿದು ನಿಲ್ಲಿಸಿದರು.

"ಜಾಸ್ತಿ ತೊಳಿಬ್ಯಾಡ ತಂಗಿ. ಸ್ವಚ್ಛ ಆಗ್ತೈತಿ, ಆದ್ರ ಸಾಯ್ತೈತಿ."

ಅವರ ಬಗ್ಗೆ ನಮ್ಮಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ಮೂವತ್ತು ವರ್ಷದಲ್ಲಿ ಅವರು ಒಂದು ಲೇಖನದ ಮೇಲೂ ತಮ್ಮ ಹೆಸರು ಹಾಕಿಸಿಕೊಂಡಿರಲಿಲ್ಲ. ಅದು ವಿನಯ ಎಂದು ನಮ್ಮ ಮಾರ್ಗದರ್ಶಕರು ಹೇಳುತ್ತಿದ್ದರು. ಹೆಸರಿದ್ದರೆ ಜವಾಬ್ದಾರಿಯೂ ಬರುತ್ತದಲ್ಲ, ಅದರ ಭಯ ಎಂದು ನನಗಿಂತ ಹಿರಿಯ ವಿದ್ಯಾರ್ಥಿಯೊಬ್ಬ ಹೇಳುತ್ತಿದ್ದ. ನನಗೆ ಒಂದು ದಿನ ಇದು ನಿಜವೆನಿಸಿದರೆ ಇನ್ನೊಂದು ದಿನ ಅದು. ಕೆಲಸದಲ್ಲಿ ಅಷ್ಟು ನಿಖರವಾಗಿದ್ದವರು ಮಾತಿನಲ್ಲಿ ಯಾವುದನ್ನೂ ಖಚಿತವಾಗಿ ಹೇಳುತ್ತಿರಲಿಲ್ಲ. ಇವತ್ತು ಮಳೆ ಬರುತ್ತದಾ ಎಂದರೂ 'ಬಂದ್ರೂ ಬರಬಹುದು' ಎನ್ನುತ್ತಾ ಚೀಲದಿಂದ ಛತ್ರಿ ತೆಗೆದು ನನ್ನ ಕೈಗೆ ಕೊಡುವವರು.

ಆ ಪೊರೆಯಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಜಿಡ್ಡುಗಳು. ಎರಡರಲ್ಲಿ ಸಕ್ಕರೆಯ ಅಂಶವಿದೆ, ಒಂದರಲ್ಲಿ ರಂಜಕ, ಇನ್ನೊಂದರಲ್ಲಿ ಗಂಧಕ. ನಾಲ್ಕೂ ಶುದ್ಧ ರೂಪದಲ್ಲಿ ಹೊರದೇಶದಿಂದ ಬರುತ್ತಿದ್ದವು. ಕ್ಲೋರೋಫಾರಂನಲ್ಲಿ ಕರಗಿಸಿ ಕಿರುಬೆರಳಿನಷ್ಟು ಗಾಜಿನ ಸೀಸೆಗಳಲ್ಲಿ ಹಾಕಿ ಶೀತಪೆಟ್ಟಿಗೆಯಲ್ಲಿ ಇಡುತ್ತಿದ್ದೆವು. ಒಂದು ಚಳಿಗಾಲ ಪೂರ್ತಿ ನಾನು ಪ್ರೋಟೀನಿನಿಂದ ಜಿಡ್ಡು ಕಿತ್ತು, ನಾಲ್ಕನ್ನೂ ಒಂದೊಂದಾಗಿ ಮರಳಿ ಕೊಟ್ಟು ನೋಡಿದೆ. ಪ್ರೋಟೀನಿಗೆ ಜೀವ ಬಂದರೆ ದೀಪ ಹಾಕಿದ ಕೂಡಲೇ ಪರದೆಯ ಮೇಲೆ ಆಮ್ಲಜನಕದ ಗೆರೆ ಮೇಲೇರುತ್ತದೆ. ಸಕ್ಕರೆಯ ಎರಡಕ್ಕೂ ಗೆರೆ ಅಲುಗಲಿಲ್ಲ. ಗಂಧಕದ್ದಕ್ಕೂ ಅಲುಗಲಿಲ್ಲ. ರಂಜಕದ್ದಕ್ಕೆ ಮಾತ್ರ ನೆಟ್ಟಗೆ ಏರಿತು. ಒಂಬತ್ತು ಸಲ ಮಾಡಿದೆ, ಒಂಬತ್ತು ಸಲವೂ ಏರಿತು.

ಇದೊಂದೇ, ಬೇರೆ ಯಾವುದೂ ಅಲ್ಲ. ಸಂಶೋಧನೆಯಲ್ಲಿ ಇಷ್ಟು ಚೊಕ್ಕವಾದ ಉತ್ತರ ಎಲ್ಲರಿಗೂ ಸಿಗುವುದಿಲ್ಲ. ಮಾರ್ಗದರ್ಶಕರು ಉಸ್ಮಾನಿಯಾ ಬಿಸ್ಕತ್ತು ತರಿಸಿ ಎಲ್ಲರಿಗೂ ಕೊಟ್ಟರು. ಅಕ್ಕ ಒಂದನ್ನು ತೆಗೆದುಕೊಂಡು, ಅರ್ಧ ಮುರಿದು, ಆ ಅರ್ಧವನ್ನೂ ತಿನ್ನದೆ ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡರು. ಲೇಖನದ ಕರಡಿನಲ್ಲಿ ಈ ಸಲ ನಾನು ಹಟ ಹಿಡಿದು ಅವರ ಹೆಸರು ಸೇರಿಸಿದ್ದೆ. ಓದಲು ಕೊಟ್ಟ ಮರುದಿನ ಕರಡು ನನ್ನ ಮೇಜಿನ ಮೇಲಿತ್ತು, ಅವರ ಹೆಸರಿನ ಮೇಲೆ ಪೆನ್ಸಿಲಿನ ಒಂದು ಗೆರೆ ಇತ್ತು. ನಾನು ವಿನಯದ ಪಕ್ಷಕ್ಕೆ ಒಂದು ಮತ ಹಾಕಿ ಸುಮ್ಮನಾದೆ.

ಫೆಬ್ರವರಿ ಕೊನೆಗೆ ಅವರ ನಿವೃತ್ತಿ. ಅದಕ್ಕೆ ನಾಲ್ಕು ದಿನ ಮುಂಚೆ ಹಸಿರು ದೀಪದ ಕೋಣೆಗೆ ಕರೆದರು. ಅಲ್ಲಿ ಒಬ್ಬರ ಮುಖ ಇನ್ನೊಬ್ಬರಿಗೆ ಸರಿಯಾಗಿ ಕಾಣುವುದಿಲ್ಲ.

"ನಿಮಗೊಂದು ಮಾತು ಹೇಳೋದೈತ್ರಿ" ಅಂದರು.

ಎಷ್ಟೋ ಕಾಲದ ಮೇಲೆ ಮತ್ತೆ 'ನೀವು' ಎಂದಿದ್ದರು. ಅವರು ನಿಧಾನವಾಗಿ ಹೇಳಿದರು. ನನ್ನ ಪ್ರಯೋಗಗಳು ಶುರುವಾಗುವ ಸ್ವಲ್ಪ ಮುಂಚೆ ಶೀತಪೆಟ್ಟಿಗೆಯಲ್ಲಿ ಒಂದು ಸೀಸೆಯ ಮುಚ್ಚಳ ಸಡಿಲವಾಗಿ ಕ್ಲೋರೋಫಾರಂ ಸೋರಿತ್ತು. ಅದು ತಾಗಿದರೆ ಸೀಸೆಯ ಮೇಲೆ ಬರೆದ ಮಸಿ ಕರಗಿಹೋಗುತ್ತದೆ. ನಾಲ್ಕರಲ್ಲಿ ಸಕ್ಕರೆಯ ಎರಡರ ಹೆಸರು ಓದಲು ಬರುತ್ತಿತ್ತು. ರಂಜಕದ್ದು, ಗಂಧಕದ್ದು ಎರಡೂ ಅಳಿಸಿಹೋಗಿದ್ದವು. ಯಾವುದು ಎಲ್ಲಿತ್ತು ಎಂದು ನೆನಪಿನಿಂದಲೇ ಅಕ್ಕ ಹೊಸ ಚೀಟಿ ಅಂಟಿಸಿದ್ದರು.

"ಸರಿ ಬರ್ದೀನಿ ಅಂತ ಅನಸ್ತೈತಿ. ಆದ್ರ ಖಾತ್ರಿ ಇಲ್ರಿ."

"ಮೊದಲೇ ಯಾಕೆ ಹೇಳಲಿಲ್ಲ, ಅಕ್ಕ?"

ಅದಕ್ಕೆ ಅವರು ಅಂದ ಮಾತನ್ನು ನಾನು ಎಷ್ಟು ಬಗೆಯಲ್ಲಿ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. "ಫಲ ಭಾಳ ಛಲೋ ಬಂತಲ್ರಿ, ಅದಕ್ಕ ಹೇಳಾಕತ್ತೀನಿ."

ಸೀಸೆಯಲ್ಲಿ ಒಂದು ಹನಿ ಉಳಿದಿದ್ದರೂ ಅದು ಯಾವುದೆಂದು ಒಂದು ಗಂಟೆಯಲ್ಲಿ ಗೊತ್ತುಮಾಡಬಹುದಿತ್ತು. ಒಂಬತ್ತು ಸಲದ ಪ್ರಯೋಗದಲ್ಲಿ ಎಲ್ಲ ಮುಗಿದಿತ್ತು. ಖಾಲಿ ಸೀಸೆಗಳ ತಳದಲ್ಲಾದರೂ ಏನಾದರೂ ಅಂಟಿರಬಹುದೆಂದು ಓಡಿದೆ. ಅವನ್ನೆಲ್ಲ ತೊಳೆದು, ಓವನ್ನಿನಲ್ಲಿ ಒಣಗಿಸಿ, ಸಾಲಾಗಿ ಬೋರಲು ಹಾಕಿ ಇಡಲಾಗಿತ್ತು. ತೊಳೆದವರು ಅಕ್ಕನೇ. ಪ್ರತಿ ವಾರ ತೊಳೆಯುವುದು ಅವರ ಪದ್ಧತಿ.

ಮಾರ್ಗದರ್ಶಕರು ಪೂರ್ತಿ ಕೇಳಿ, ಮೂವತ್ತು ವರ್ಷದಲ್ಲಿ ಆಕೆ ಒಂದು ಚೀಟಿ ತಪ್ಪಿಸಿದ್ದನ್ನು ನಾನು ನೋಡಿಲ್ಲ, ನಿವೃತ್ತಿಯ ಕಳವಳದಲ್ಲಿ ಏನೋ ಅನ್ನುತ್ತಿದ್ದಾರೆ, ನೀನು ಬರೆದು ಮುಗಿಸಬಹುದು ಎಂದರು. ಮುಗಿಸಬೇಕು ಎನ್ನಲಿಲ್ಲ. ಹಿರಿಯ ವಿದ್ಯಾರ್ಥಿ, ಹೋಗುವಾಗ ನಿನ್ನ ಕಾಲಿಗೆ ತೊಡರು ಹಾಕಿ ಹೋದರು ನೋಡು ಎಂದ. ಬೀಳ್ಕೊಡುಗೆಯ ದಿನ ಅಕ್ಕನಿಗೆ ಶಾಲು ಹೊದಿಸಿದರು, ನಾನು ದೂರದಲ್ಲೇ ನಿಂತಿದ್ದೆ. ಅವರು ಎರಡು ಸಲ ನನ್ನ ಕಡೆ ನೋಡಿದರು. ನಾನು ಹತ್ತಿರ ಹೋಗಲಿಲ್ಲ. ಅದು ಸಿಟ್ಟೋ ನಾಚಿಕೆಯೋ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯದು.

ನನ್ನ ಫೆಲೋಶಿಪ್ಪು ಆ ಬೇಸಿಗೆಗೆ ಮುಗಿಯುವುದಿತ್ತು. ಲೇಖನ ಕಳಿಸಿದರೆ ಪ್ರಬಂಧ ಮುಗಿದಂತೆ. ಮೂರು ದಿನ ಕಳಿಸುವ ಗುಂಡಿಯ ಮುಂದೆ ಕೂತೆ. ರಂಜಕ ಎಂದು ನಾನು ಬರೆದಲ್ಲೆಲ್ಲ ಗಂಧಕ ಇದ್ದಿರಬಹುದು ಎಂಬ ಯೋಚನೆ ಹೋಗಲೇ ಇಲ್ಲ. ನಾಲ್ಕನೆಯ ದಿನ ಮಾರ್ಗದರ್ಶಕರ ಹತ್ತಿರ ಹೋಗಿ, ಹೊಸ ಸೀಸೆಗಳನ್ನು ತರಿಸಿಕೊಡಿ ಸರ್ ಎಂದೆ. ಊರಿಗೆ ಫೋನು ಮಾಡಿ ಇನ್ನೂ ಆರು ತಿಂಗಳು ಹಿಡಿಯುತ್ತದೆ ಎಂದಾಗ ಅಪ್ಪ ಯಾರ ತಪ್ಪಿನಿಂದ ಎಂದು ಕೇಳಿದರು. ಉತ್ತರ ಹೇಳಲು ಹೊರಟು, ಹೇಳುವುದಕ್ಕೆ ಏನೂ ಇಲ್ಲವೆಂದು ಗೊತ್ತಾಗಿ, ಸೀಸೆ ಸೋರಿತಂತೆ ಎಂದೆ.

ಹೊಸವು ಬರಲು ಎರಡು ತಿಂಗಳಾಯಿತು. ಹಿಮಾಯತ್‌ನಗರದಲ್ಲಿ ಗೆಳತಿಯ ಕೋಣೆ ಹಂಚಿಕೊಂಡು, ಮೇ ತಿಂಗಳ ಬಿಸಿಲಿನಲ್ಲಿ ಬೆಳಿಗ್ಗೆ ಪಾಲಕ್ ಹುಡುಕುತ್ತಾ ನಾನೇ ಅಲೆದೆ. ದಂಟು ಮುರಿದು ಕಿವಿಗೆ ಹಿಡಿದೆ. ನನಗೆ ಎಲ್ಲ ಬುಟ್ಟಿಯ ಸದ್ದೂ ಒಂದೇ ಆಗಿ ಕೇಳಿಸಿತು. ಮೂರು ವಾರ ನಾನು ತೆಗೆದ ಪ್ರೋಟೀನೆಲ್ಲ ಮಧ್ಯಾಹ್ನಕ್ಕೆ ಸತ್ತಿತು. ಅಕ್ಕನಿಗೆ ಫೋನು ಮಾಡಿದ್ದರೆ ಐದು ನಿಮಿಷದಲ್ಲಿ ಹೇಳಿಕೊಡುತ್ತಿದ್ದರು. ಮಾಡಲಿಲ್ಲ. ಕೊನೆಗೆ ತೊಳೆಯುವುದನ್ನು ಕಡಿಮೆ ಮಾಡಿ, ಸ್ವಲ್ಪ ಕೊಳಕಾಗಿಯೇ ಬಿಟ್ಟ ದಿನ ಅದು ಸಂಜೆಯವರೆಗೆ ಬದುಕಿತು.

ನಾಲ್ಕು ಹೊಸ ಸೀಸೆಗಳಿಂದ ನಾಲ್ಕು ಜಿಡ್ಡುಗಳನ್ನು ಕೊಟ್ಟು ನೋಡಿದೆ. ಹಳೆಯ ಚೀಟಿಗಳು ಸರಿಯಿದ್ದಿದ್ದರೆ ರಂಜಕಕ್ಕೆ ಗೆರೆ ಏರಿ ಗಂಧಕಕ್ಕೆ ಅಲುಗದೆ ಇರಬೇಕಿತ್ತು. ಅದಲುಬದಲಾಗಿದ್ದರೆ ಗಂಧಕಕ್ಕೆ ಏರಿ ರಂಜಕಕ್ಕೆ ಅಲುಗದೆ ಇರಬೇಕಿತ್ತು. ಎರಡಕ್ಕೂ ನಾನು ಮನಸ್ಸನ್ನು ಸಿದ್ಧಮಾಡಿಕೊಂಡಿದ್ದೆ. ಆದದ್ದೇ ಬೇರೆ. ರಂಜಕಕ್ಕೆ ಪೂರ್ತಿ ಏರಿತು. ಗಂಧಕಕ್ಕೂ ಏರಿತು, ಅರ್ಧದಷ್ಟು. ಪ್ರತಿ ಸಲವೂ ಹಾಗೆಯೇ. ರಂಜಕ ಇಲ್ಲದಿದ್ದಾಗ ಗಂಧಕ ಅದರ ಜಾಗದಲ್ಲಿ ನಿಂತು ಅರೆಬರೆ ಕೆಲಸ ಮಾಡಿಸುತ್ತಿತ್ತು. ಹಾಗಿದ್ದರೆ ಚಳಿಗಾಲದಲ್ಲಿ ಯಾಕೆ ಮಾಡಿಸಲಿಲ್ಲ? ಅಕ್ಕ ಚೀಟಿ ತಪ್ಪಿಸಿರಲಾರರು ಎನಿಸಿತು, ಆದರೂ ಹಳೆಯ ಉತ್ತರ ಸರಿಯಿರಲಿಲ್ಲ ಎಂದೂ ಆಯಿತು. ಒಂದು ಕಡೆಯಿಂದ ಅವರ ಅನುಮಾನ ಸುಳ್ಳಿರಬಹುದು. ಇನ್ನೊಂದು ಕಡೆಯಿಂದ ಆ ಅನುಮಾನವೇ ನನ್ನನ್ನು 'ಇದೊಂದೇ' ಎಂದು ಬರೆಯದಂತೆ ಉಳಿಸಿತ್ತು.

ಒಂದು ಭಾನುವಾರ ಕಾಚಿಗೂಡದ ಅವರ ಮನೆಗೆ ಹೋದೆ. ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಬಾಗಿಲು ತೆರೆದವರು ಅವರ ಯಜಮಾನರು, ನಾನು ಕಾಕಾ ಎಂದು ಕರೆಯುತ್ತಿದ್ದವರು. ಅಕ್ಕ ಏನೂ ನಡೆದೇ ಇಲ್ಲವೆಂಬಂತೆ ಒಗ್ಗರಣೆ ಹಾಕಿದ ಚುರುಮುರಿ ತಂದಿಟ್ಟು, 'ತಿನ್ನು ತಂಗಿ' ಎಂದರು. ನಾನು ಕಾಗದದ ಮೇಲೆ ಗೆರೆಗಳನ್ನು ಬರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಪಾಲಕ್ ಎಲ್ಲಿದ್ದು?" ಎಂದು ಕೇಳಿದರು.

ಹಿಮಾಯತ್‌ನಗರದ್ದು, ಮೇ ತಿಂಗಳಿನದು ಎಂದೆ. ಅದಕ್ಕವರು, ಬೇಸಿಗೆಯ ಎಲೆಯಲ್ಲಿ ಜಿಡ್ಡಿನ ಹದವೇ ಬೇರೆ ಇರುತ್ತದೆ, ಅದೂ ಕಾರಣ ಇರಬಹುದು ಎಂದರು. ಹಳೆಯ ಗಂಧಕದ ಸೀಸೆ ಮುಚ್ಚಳ ಸಡಿಲಾಗಿ ಕೆಟ್ಟಿರಲೂಬಹುದು ಎಂದರು. ನೀನು ಈ ಸಲ ಕಡಿಮೆ ತೊಳೆದದ್ದೂ ಇರಬಹುದು ಎಂದರು. ನಾನು ಒಂದು ಗೊಂದಲ ಹೊತ್ತುಕೊಂಡು ಹೋಗಿದ್ದೆ, ಅವರು ಅದನ್ನು ಮೂರು ಮಾಡಿ ಕೈಗಿಟ್ಟರು. ನನಗೆ ತಾಳ್ಮೆ ತಪ್ಪಿತು. ನೇರವಾಗಿ ಹೇಳಿ ಅಕ್ಕ, ಚೀಟಿ ಬದಲಾಗಿತ್ತಾ ಇಲ್ಲವಾ ಎಂದು ಕೇಳಿದೆ.

"ಬದಲಿ ಆಗಿತ್ತು ಅಂತ ನಾ ಎಂದ ಹೇಳಿದ್ದೆ? ಖಾತ್ರಿ ಇಲ್ಲ ಅಂದಿದ್ದೆ. ಇವತ್ತೂ ಅಷ್ಟ ಗೊತ್ತೈತಿ ನನಗ."

ಹೌದಲ್ಲ. ಅವರು ತಪ್ಪು ಮಾಡಿದೆ ಎಂದಿರಲಿಲ್ಲ. ನಾನು, ಮಾರ್ಗದರ್ಶಕರು, ಹಿರಿಯ ವಿದ್ಯಾರ್ಥಿ, ಮೂವರೂ ಆ 'ಖಾತ್ರಿ ಇಲ್ಲ'ವನ್ನು ಒಂದೋ ಹೌದು, ಇಲ್ಲವೋ ಅಲ್ಲ ಎಂದು ಮಾಡಿಕೊಂಡು ಅವರ ಮೇಲೆ ಹೊರಿಸಿದ್ದೆವು. ಆದರೆ ಅದಕ್ಕಾಗಿ ನನಗೆ ಪಶ್ಚಾತ್ತಾಪವಾಯಿತು ಎಂದು ಬರೆದರೆ ಪೂರ್ತಿ ನಿಜವಲ್ಲ. ಅರ್ಧ ಸಿಟ್ಟು ಹಾಗೆಯೇ ಇತ್ತು. ಚಳಿಗಾಲ ಪೂರ್ತಿ ನನ್ನ ಪಕ್ಕದಲ್ಲಿ ನಿಂತು ಆ ಗೆರೆ ಏರುವುದನ್ನು ಒಂಬತ್ತು ಸಲ ನೋಡಿದವರು ಯಾಕೆ ಸುಮ್ಮನಿದ್ದರು?

ಪ್ರಬಂಧದಲ್ಲಿ ಎರಡೂ ಋತುವಿನ ಫಲಿತಾಂಶಗಳನ್ನು ಬರೆದೆ. ಕಾರಣ ತಿಳಿಯದು ಎಂದೂ ಬರೆದೆ. ಮೌಖಿಕ ಪರೀಕ್ಷೆಗೆ ಬಂದವರು ಆ ಒಂದು ಪುಟದ ಮೇಲೆಯೇ ಮುಕ್ಕಾಲು ಗಂಟೆ ಹಿಂಡಿ ಕೊನೆಗೆ ಪದವಿ ಕೊಟ್ಟರು. ಆಮೇಲೆ ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ. ಅಕ್ಕನಿಗೆ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಫೋನು ಮಾಡುತ್ತಿದ್ದೆ. ಕೇಳಬೇಕಾದ ಪ್ರಶ್ನೆಯನ್ನು ಪ್ರತಿ ಸಲವೂ ಮುಂದಿನ ಸಲಕ್ಕೆ ಇಡುತ್ತಿದ್ದೆ. ಹೋದ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ನನಗೆ ಬಂದದ್ದು ಮೂರು ವಾರ ತಡವಾಗಿ.

ರೈಲಿಳಿದು ನೇರವಾಗಿ ಮನೆಗೆ ಹೋದೆ. ಕಾಕಾ ಒಬ್ಬರೇ ಇದ್ದರು. ಮಗಳು ಮರುದಿನ ಬಂದು ತಮ್ಮನ್ನು ಪುಣೆಗೆ ಕರೆದುಕೊಂಡು ಹೋಗುವವಳಿದ್ದಾಳೆ ಎಂದರು. ಮಾತಿಗೆ ಮಾತು ಬಂದು, ನಾನು ಕೇಳದೆಯೇ ಆ ಸೀಸೆಗಳ ವಿಷಯ ತೆಗೆದರು. ಬಿಸ್ಕತ್ತು ಹಂಚಿದ ದಿನ ಮನೆಗೆ ಬಂದ ಅಕ್ಕ ಎಲ್ಲವನ್ನೂ ಅವರಿಗೆ ಹೇಳಿದ್ದರಂತೆ. ನಿವೃತ್ತಿಗೆ ಇನ್ನೊಂದು ತಿಂಗಳು, ಇಷ್ಟು ವರ್ಷದ ಒಳ್ಳೆಯ ಹೆಸರು ಹಾಳುಮಾಡಿಕೊಳ್ಳಬೇಡ, ಸುಮ್ಮನಿರು ಎಂದು ಇವರೇ ಹೇಳಿದ್ದರಂತೆ. ಆ ಒಂದು ತಿಂಗಳು ಆಕೆ ಸರಿಯಾಗಿ ಉಣ್ಣಲಿಲ್ಲ ಎಂದರು. ಹೇಳಿಬಂದ ದಿನ ಮಾತ್ರ ಎರಡು ರೊಟ್ಟಿ ಉಂಡು ಮಲಗಿದರಂತೆ.

ಇದು ನಾನು ವರ್ಷಗಟ್ಟಲೆ ಕಾದಿದ್ದ ಉತ್ತರವೇ ಇರಬೇಕು. ಆದರೆ ಸೀಸೆ ಸೋರಿದ್ದು ಅದಕ್ಕೂ ಮುಂಚೆ. ಆ ನಡುವಿನ ಚಳಿಗಾಲಕ್ಕೆ ಕಾಕಾನ ಮಾತು ಕಾರಣವಲ್ಲ. ಹಾಗೆಂದು ಅವರಿಗೆ ಹೇಳುವ ಮನಸ್ಸಾಗಲಿಲ್ಲ.

"ಖರೇ ಹೇಳವ್ವಾ" ಎಂದರು ಕಾಕಾ. "ಅಕಿ ಚೀಟಿ ತಪ್ಪಿಸಿದ್ಲೇನು?"

ಅವರ ಮುಖ ನೋಡಿ ನಾನು ತಡಮಾಡಲಿಲ್ಲ. "ಇಲ್ಲ ಕಾಕಾ. ಸರಿಯಾಗೇ ಬರೆದಿದ್ದರು" ಎಂದೆ.

ಅವರಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವರು ತಲೆ ತಗ್ಗಿಸಿ, "ಹಂಗಾದ್ರ ಸುಮ್ಸುಮ್ನ ಹೇಳಿ ಕೆಟ್ಟಾಕಿ ಆದ್ಲು" ಎಂದರು. "ನನ್ನ ಮಾತ ಕೇಳಿದ್ರ ಆಗ್ತಿತ್ತು."

ಆ ಮಾತು ನನಗೆ ಹೊಡೆದ ಹಾಗಾಯಿತು. ಆಕೆ ಎಂದೂ ಹೇಳದಿದ್ದ ಖಾತ್ರಿಯ ಮಾತನ್ನು ಆಕೆಯ ಮನೆಯಲ್ಲಿ ಕೂತು ನಾನು ಹೇಳಿಬಿಟ್ಟಿದ್ದೆ. ಕೆಟ್ಟವರಾಗಲಿಲ್ಲ, ಹೇಳಿದ್ದೇ ಒಳ್ಳೆಯದಾಯಿತು ಎಂದು ಶುರುಮಾಡಿದೆ. ಚೀಟಿ ಸರಿಯಿದ್ದರೆ ಹೇಳಿದ್ದು ಹೇಗೆ ಒಳ್ಳೆಯದಾಯಿತು ಎಂದು ಅವರು ಕೇಳಿದರು. ಗಂಧಕದ ಅರ್ಧ ಗೆರೆಯನ್ನು ಗಾಳಿಯಲ್ಲಿ ಬರೆದು ತೋರಿಸಿದೆ. ಖಣದ ವ್ಯಾಪಾರಿ, ಪಾಪ, ನನ್ನ ಬೆರಳನ್ನೇ ನೋಡುತ್ತಾ ಕೂತರು. ನಡುವೆ ನಿಲ್ಲಿಸಿದೆ.

"ಕಾಕಾ, ಈಗ ನಾನು ಹೇಳಿದ್ದು ಸುಳ್ಳು. ಸರಿ ಬರೆದಿದ್ದರೋ ತಪ್ಪಿಸಿದ್ದರೋ ನನಗೆ ಗೊತ್ತಿಲ್ಲ. ಸರಿ ಇದ್ದಿರಬಹುದು, ಅಷ್ಟೇ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಸಿಟ್ಟು ಬಂದಿತ್ತೋ, ಹಗುರವಾಗಿತ್ತೋ, ನನ್ನನ್ನು ಹುಚ್ಚಿ ಎಂದುಕೊಂಡರೋ ಹೇಳಲಾರೆ. ಮೆಲ್ಲಗೆ ಎದ್ದು ಒಳಗೆ ಹೋದರು, ಅಡುಗೆಮನೆಯಲ್ಲಿ ಒಲೆ ಹಚ್ಚಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ, ಚಹಾಕ್ಕೆ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದರು. ಆಕೆ ಇದ್ದಾಗ ತಾನು ಒಮ್ಮೆಯೂ ಮಾಡಿದವನಲ್ಲ ಎಂದರು. ನಾನು ಎದ್ದು ಒಳಗೆ ಹೋಗಿ ಅವರ ಪಕ್ಕದಲ್ಲಿ ನಿಂತೆ. ನೀರು ಕುದಿಯಲು ಶುರುವಾಗಿತ್ತು. ಪುಡಿ ಈಗ ಹಾಕಬೇಕೋ, ಇನ್ನೂ ಕುದಿಯಬೇಕೋ ಎಂದು ಅವರು ನನ್ನನ್ನು ಕೇಳಿದರು.